ಮರದ ಗಾಯವೂ ಕೆಲಸಗಾರನ ಹೆಸರೂ

ವಡಗಾವಿಯ ನೇಕಾರನು ನೆಯ್ದ ಸೀರೆಯಲ್ಲಿ ದೋಷವಿದ್ದರೆ ಮಡಿಕೆ ಬಿಚ್ಚಿದ ದಿವಸವೇ ಅದು ಕಣ್ಣಿಗೆ ಬೀಳುವದು. ಬಡಿಗನು ಮಾಡಿದ ಕೂರಿಗೆಯ ಯೋಗ್ಯತೆಯು ಒಂದೇ ಬಿತ್ತಿಗೆಯಲ್ಲಿ ಗೊತ್ತಾಗುವದು. ಮರದ ಟೊಂಗೆಗಳನ್ನು ಸವರುವವನ ಕೆಲಸವು ಮಾತ್ರ ಹೀಗಲ್ಲ. ಅವನು ಇಂದು ಹಾಕಿದ ಕೊಡಲಿಯೇಟಿನ ಫಲವು ಹತ್ತು ಹದಿನೈದು ವರುಷಗಳ ತರುವಾಯ, ಯಾವದೋ ಒಂದು ಅಡ್ಡಮಳೆಯ ಗಾಳಿಯಲ್ಲಿ ಕಾಣಿಸಿಕೊಳ್ಳುವದು. ಅಷ್ಟು ಹೊತ್ತಿಗೆ ಕೂಲಿಯು ಸಂದಾಯವಾಗಿರುವದು. ಕೆಲಸ ಮಾಡಿದವನು ಯಾರೆಂಬುದು ಮರೆತುಹೋಗಿರುವದು. ಟೊಂಗೆಯು ಕಟ್ಟೆಯ ಮೇಲೆ ಕುಳಿತವರ ಮೇಲೋ ಕಟ್ಟಿದ ಎತ್ತುಗಳ ಮೇಲೋ ಬಿದ್ದಾಗ ಜನರು ಅದನ್ನು ದೈವೇಚ್ಛೆಯೆಂದು ಹೇಳಿ ಸುಮ್ಮನಾಗುವರು. ಆದರೆ ಮುರಿದ ಸ್ಥಳವನ್ನು ಪರೀಕ್ಷಿಸಿ ನೋಡಿದರೆ ಅಲ್ಲಿ ಹಳೆಯದೊಂದು ಕೆಟ್ಟ ಕಡಿತವೂ ಅದರ ಹಿಂದೆ ಲಡ್ಡಾದ ಕಟ್ಟಿಗೆಯೂ ಅನೇಕ ವೇಳೆ ಕಂಡುಬರುವವು.

ಬೆಳಗಾವಿ ನಗರದೊಳಗೆ ಸೇರಿಹೋಗಿದ್ದರೂ ವಡಗಾವಿಯವರು ಒಕ್ಕಲುತನವನ್ನು ಬಿಟ್ಟಿಲ್ಲ. ಮಗ್ಗಗಳ ಸಪ್ಪಳವನ್ನು ದಾಟಿ ಯಳ್ಳೂರಿನ ದಾರಿಯನ್ನು ಹಿಡಿದರೆ ಬತ್ತದ ಗದ್ದೆಗಳೂ ಬದುವಿನ ಮಾವು, ಬೇವು, ಹುಣಸೆಗಳೂ ಕಾಣುವವು. ಖಾನಾಪುರದ ಕಡೆಗೆ ಹೋದಂತೆಲ್ಲ ಮಳೆಯು ಹೆಚ್ಚುವದು. ಹಲಸು, ನೇರಳೆ, ಮತ್ತಿ, ಹೊನ್ನೆಗಳು ಹೊಲದ ಅಂಚಿಗೇ ಬಂದು ನಿಲ್ಲುವವು. ಜಾಂಬೋಟಿ ಕಣಕುಂಬಿಗಳಲ್ಲಂತೂ ಅಡವಿಯೇ ಊರನ್ನು ಸುತ್ತುವರಿದಿರುವದು. ಬೆಳಗಾವಿಯಿಂದ ಖಾನಾಪುರವನ್ನು ಹಾದು ಗೋವೆಗೆ ಹೋಗುವ ಹೆದ್ದಾರಿಯನ್ನು ಅಗಲಗೊಳಿಸುವಾಗ ದಾರಿಬದಿಯ ಎಷ್ಟೋ ಹಳೆಯ ಮರಗಳು ಹೋದವು. ಉಳಿದವುಗಳನ್ನು ಯಾರ ಕೈಗೆ ಒಪ್ಪಿಸಬೇಕೆಂಬ ವಿಚಾರವನ್ನು ಊರಿನ ಪ್ರಮುಖರೂ ಭೂಮಾಲಕರೂ ಮಾಡುವದು ಆದುದರಿಂದ ಅಗತ್ಯವಾಗಿದೆ.

ಮೊದಲು, ಕಡಿದ ಸ್ಥಳದಲ್ಲಿ ಮರವು ಏನು ಮಾಡುವದೆಂಬುದನ್ನು ತಿಳಿದಿರಬೇಕು. ಮನುಷ್ಯನ ಗಾಯವು ಮಾಯುವದು. ಕೆಟ್ಟ ಮಾಂಸವು ಹೋಗಿ ಹೊಸ ಮಾಂಸವು ಅದೇ ಸ್ಥಳದಲ್ಲಿ ಬರುವದು. ಮರಕ್ಕೆ ಈ ಶಕ್ತಿಯಿಲ್ಲ. ಅದು ಗಾಯದ ಹಿಂದೆ ಒಂದು ಗೋಡೆಯನ್ನು ಕಟ್ಟಿಕೊಂಡು, ಕೆಟ್ಟ ಭಾಗವನ್ನು ಒಳಗೇ ಬಂದಿಯಾಗಿಸಿ, ಅದರ ಮೇಲೆ ಹೊಸ ಕಟ್ಟಿಗೆಯನ್ನೂ ತೊಗಟೆಯನ್ನೂ ಬೆಳೆಸುವದು. ಅಮೇರಿಕೆಯ ಅರಣ್ಯ ಖಾತೆಯಲ್ಲಿದ್ದ ಅಲೆಕ್ಸ್ ಶೈಗೋ (1930–2006) ಎಂಬ ಶಾಸ್ತ್ರಜ್ಞರು 15,000ಕ್ಕೂ ಹೆಚ್ಚು ಮರಗಳನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಿ, ಈ ಸಂಗತಿಯನ್ನು 1977ರಲ್ಲಿ ಕ್ರಮವಾಗಿ ವಿವರಿಸಿದರು. ಗೋಡೆಯು ಬಲವಾಗಿದ್ದರೆ ಮರವು ಬಹುಕಾಲ ಬಾಳುವದು. ಅದು ಮುರಿದರೆ ಅಣಬೆಯ ಜಾತಿಯ ರೋಗಬೀಜಗಳು ಬೊಡ್ಡೆಯ ತಿರುಳಿಗೆ ಇಳಿಯುವವು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೊಗಟೆಯೇ ಆರದ ಖಾನಾಪುರದ ಹವೆಯಲ್ಲಿ ಅವುಗಳಿಗೆ ಬೇರೆ ಅನುಕೂಲವು ಬೇಕಾಗುವದಿಲ್ಲ.

ಟೊಂಗೆಯು ಬೊಡ್ಡೆಯಿಂದ ಹೊರಡುವಲ್ಲಿ ಸ್ವಲ್ಪ ಉಬ್ಬಿದ ಭಾಗವೊಂದು ಇರುವದು. ಅದನ್ನು ಟೊಂಗೆಯ ಕೊರಳೆಂದು ಕರೆಯಬಹುದು. ಗೋಡೆ ಕಟ್ಟುವ ಸಾಮರ್ಥ್ಯವು ಹೆಚ್ಚಾಗಿ ಇಲ್ಲಿಯೇ ಇರುವದು. ಕಡಿತವು ಈ ಕೊರಳಿನ ಹೊರಮಗ್ಗಲಿಗೆ, ಕೊರಳಿಗೆ ಪೆಟ್ಟಾಗದಂತೆ ಬೀಳತಕ್ಕದ್ದು. ಚೊಕ್ಕಟವಾಗಿ ಕಾಣಲೆಂದು ಬೊಡ್ಡೆಗೆ ಸಮವಾಗಿ ಹೆರೆದುಬಿಡುವ ರೂಢಿಯು ಬಹಳ ಕಡೆಗೆ ಇದೆ. ಅದನ್ನು ನೋಡಿದ ಯಜಮಾನರು ಕೆಲಸಗಾರನನ್ನು ಹೊಗಳುವದೂ ಉಂಟು. ಆದರೆ ಅದರಿಂದ ಕೊರಳೇ ಹೋಗಿ ಗಾಯವು ದೊಡ್ಡದಾಗುವದು, ಮುಚ್ಚುವದು ತಡವಾಗುವದು. ಇದಕ್ಕೆ ವಿರುದ್ಧವಾಗಿ ಒಂದು ಮೊಳದ ಮೋಟನ್ನು ಬಿಟ್ಟರೆ ಅದು ಒಣಗಿ, ಕೊಳೆತು, ಕೊಳೆಯನ್ನು ಒಳಕ್ಕೆ ಸಾಗಿಸುವ ನಳಿಗೆಯಂತಾಗುವದು. ಭಾರವಾದ ಟೊಂಗೆಯನ್ನು ಒಂದೇ ಕಡಿತದಿಂದ ಕೆಡವುವದಂತೂ ಸಲ್ಲದು. ಬೀಳುವಾಗ ಅದು ಬೊಡ್ಡೆಯ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಹೋಗುವದು. ಬೊಡ್ಡೆಯಿಂದ ಒಂದು ಮೊಳ ದೂರದಲ್ಲಿ ಕೆಳಗಿನಿಂದ ಅರ್ಧದ ಒಳಗೆ ಒಂದು ಗರಗಸದ ಗೆರೆಯನ್ನು ಹಾಕಿ, ಅದಕ್ಕಿಂತ ನಾಲ್ಕು ಬೆರಳು ಹೊರಗೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಿ, ಉಳಿದ ಮೋಟನ್ನು ಕೈಯಲ್ಲಿ ಆಧರಿಸಿಕೊಂಡು ಕೊರಳಿನ ಹೊರಗೆ ಮೂರನೆಯ ಸಾರೆ ಕೊಯ್ಯಬೇಕು. ಇದಕ್ಕೆ ಕೊಡಲಿಯು ತಕ್ಕ ಆಯುಧವಲ್ಲ. ಹರಿತವಾದ ಗರಗಸವೇ ಬೇಕು.

ಇಡೀ ತಲೆಯನ್ನೇ ಬೋಳಿಸುವ ಪದ್ಧತಿಯು ಇನ್ನೂ ಕೆಟ್ಟದ್ದು. ಮನೆಯ ಮೇಲೆ ಬೀಳುವದೆಂಬ ಅಂಜಿಕೆಯಿಂದ ಮರದ ಮೇಲ್ಭಾಗವನ್ನೆಲ್ಲ ಮೊಂಡ ಮಾಡಿದರೆ ಮಾರನೆಯ ವರುಷ ನೂರಾರು ಚಿಗುರುಗಳು ಒಟ್ಟಿಗೆ ಏಳುವವು. ಅವು ಹೊರತೊಗಟೆಯ ಆಧಾರದಿಂದಷ್ಟೇ ನಿಂತಿರುವವು; ಕೆಳಗೆ ಕಟ್ಟಿಗೆಯು ಕೊಳೆಯುತ್ತಿರುವದು. ಅಂಜಿಕೆಯನ್ನು ಕಳೆಯಲೆಂದು ಮಾಡಿದ ಕೆಲಸವೇ ಹತ್ತು ವರುಷಗಳಲ್ಲಿ ಅಪಾಯವನ್ನು ದ್ವಿಗುಣಗೊಳಿಸುವದು. ಒಂದು ಸಾರೆಗೆ ಎಲೆಭಾರದ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದೆಂಬುದು ಸಾಮಾನ್ಯವಾದ ಮೇರೆಯು. ಮುದಿಯಾದ ಮರಕ್ಕೆ ಇದಕ್ಕಿಂತಲೂ ಕಡಿಮೆಯೇ ಲೇಸು. ನೆರೆಯ ಉತ್ತರಕನ್ನಡ ಜಿಲ್ಲೆಯ ಸೊಪ್ಪಿನ ಬೆಟ್ಟಗಳಲ್ಲಿ ತೋಟದ ಗೊಬ್ಬರಕ್ಕಾಗಿ ಮರಗಳನ್ನು ಸವರುವ ವಹಿವಾಟಿದೆಯಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲಿ ಬೇಕಾದದ್ದು ಸೊಪ್ಪು. ಸವರುವದು ಎಳೆಯ ರೆಂಬೆಗಳನ್ನು. ಆ ಮರಗಳ ಕೆಳಗೆ ಜಾತ್ರೆಯು ನೆರೆಯುವದಿಲ್ಲ. ಆ ಉದಾಹರಣೆಯನ್ನು ಊರ ನಡುವಿನ ಆಲದ ಮರಕ್ಕೆ ಅನ್ವಯಿಸಲಾಗದು.

ಗಾಯಕ್ಕೆ ಡಾಂಬರು ಬಳಿಯುವದೂ ಪೊಟರೆಗೆ ಸಿಮೆಂಟು ತುಂಬುವದೂ ಒಂದು ಕಾಲಕ್ಕೆ ಪ್ರತಿಷ್ಠಿತ ವಿದ್ಯೆಯೇ ಆಗಿದ್ದವು. ಅಮೇರಿಕೆಯಲ್ಲಿ ಈ ಕಸುಬಿಗೆ ಹೆಸರು ತಂದ ಜಾನ್ ಡೇವಿ ಎಂಬವರು 1901ರಲ್ಲಿ ಮರದ ವೈದ್ಯದ ಮೇಲೆ ಗ್ರಂಥವನ್ನು ಪ್ರಕಟಿಸಿದರು. ಅವರ ಕಾಲದಲ್ಲಿ ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು ಗಾರೆಯನ್ನು ತುಂಬುವದು ಹಲ್ಲಿನ ವೈದ್ಯದಂತೆ ಮಾನ್ಯವಾಗಿತ್ತು. ಹಾಗೆ ಕೆತ್ತುವಾಗ ಮರವು ಕಟ್ಟಿಕೊಂಡ ಗೋಡೆಯೇ ಒಡೆಯುವದೆಂದೂ, ಬಳಿದ ಬಣ್ಣವು ಕೊಳೆಯನ್ನು ತಡೆಯುವದಿಲ್ಲವೆಂದೂ ಶೈಗೋ ಅವರ ಸೀಳಿದ ದಿಮ್ಮಿಗಳು ತೋರಿಸಿದ ಮೇಲೆ ಆ ಕಸುಬಿನವರು ಎರಡನ್ನೂ ಬಿಟ್ಟರು. ತಮ್ಮ ಹಿರಿಯರಿಗೆ ಕೀರ್ತಿ ತಂದ ಪದ್ಧತಿಯನ್ನು ಪುರಾವೆ ಕಂಡು ಬಿಡಬಲ್ಲವರ ಮಾತಿಗೆ ಬೆಲೆಯುಂಟು. ನಮ್ಮಲ್ಲಿ ಇನ್ನೂ ಸಿಮೆಂಟು ತುಂಬಿ ದೊಡ್ಡ ಕೂಲಿಯನ್ನು ಕೇಳುವವರಿದ್ದಾರೆ. ಮಾವಿನ ಕಡಿತಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರು ನೀರು ಕೂಡಿಸಿದ ಬೋರ್ಡೋ ಸರಿಯನ್ನು ಹಚ್ಚುವ ರೂಢಿಯು ಬೇರೆ. ಅದು ಹಸಿ ಗಾಯದ ಮೇಲಿನ ಬೂಜನ್ನು ಕೆಲಕಾಲ ತಡೆಯಬಹುದು. ಕೆಟ್ಟ ಕಡಿತವನ್ನು ಅದು ಒಳ್ಳೆಯದಾಗಿ ಮಾಡಲಾರದು.

ಪೊಟರೆಯಿದ್ದ ಮರವೆಲ್ಲ ಬೀಳತಕ್ಕದ್ದೆಂದು ಹೇಳುವವನನ್ನೂ ನಂಬಬಾರದು. ಸುತ್ತಲಿನ ಗಟ್ಟಿ ಕಟ್ಟಿಗೆಯ ದಪ್ಪವು ಬೊಡ್ಡೆಯ ನಡುವಿನಿಂದ ಹೊರಗಿನ ವರೆಗಿನ ಅಳತೆಯ ಸುಮಾರು ಮೂರರಲ್ಲೊಂದು ಪಾಲು ಇದ್ದರೆ ಮರವು ಸಾಮಾನ್ಯವಾಗಿ ನಿಲ್ಲುವದೆಂದು ಜರ್ಮನಿಯ ಕ್ಲಾಸ್ ಮ್ಯಾಟ್ಟೆಕ್ ಅವರು ಲೆಕ್ಕ ಹಾಕಿದ್ದಾರೆ. ಇದು ಅಂದಾಜಿನ ಸೂತ್ರವೇ ಹೊರತು ಅಭಯಪತ್ರವಲ್ಲ. ಹಾವಡಾದ ಸಸ್ಯೋದ್ಯಾನದ ಮಹಾ ಆಲದ ಮರವು 1864 ಮತ್ತು 1867ರ ಚಂಡಮಾರುತಗಳಲ್ಲಿ ಪೆಟ್ಟು ತಿಂದು, ಅದರ ಮೂಲ ಬೊಡ್ಡೆಗೆ ಅಣಬೆರೋಗವು ಹತ್ತಿತು. 1925ರಲ್ಲಿ ಆ ಬೊಡ್ಡೆಯನ್ನು ತೆಗೆದುಹಾಕಿದರು. ಬಿಳಲುಗಳ ಮೇಲೆ ಆ ಮರವು ಇಂದಿಗೂ ಬಾಳುತ್ತಿದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆಯೆಂದು ಪೂಜಿಸಲ್ಪಡುವ ಮೂರು ಪುರಾತನ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗಲೂ ಅದನ್ನು ಕಟ್ಟಿಗೆಗೆ ಮಾರದೆ ಎತ್ತಿ ಮತ್ತೆ ನೆಟ್ಟರು.

ಬ್ರಿಟನ್ನಿನಲ್ಲಿ ಮರಗೆಲಸ ಹೇಗಿರಬೇಕೆಂಬ ಬಗ್ಗೆ 1966ರಲ್ಲಿಯೇ ರಾಷ್ಟ್ರೀಯ ಮಾನಕವು ಪ್ರಕಟವಾಯಿತು. 1989 ಮತ್ತು 2010ರಲ್ಲಿ ಅದನ್ನು ತಿದ್ದಿದರು. ಅಮೇರಿಕೆಯಲ್ಲಿ 1924ರಲ್ಲಿ ಹುಟ್ಟಿ ಮುಂದೆ ಅಂತರರಾಷ್ಟ್ರೀಯವಾದ ವೃಕ್ಷಪಾಲನ ಸಂಘವು 1992ರಿಂದ ಪರೀಕ್ಷೆಯನ್ನು ನಡೆಸಿ ಪ್ರಮಾಣಪತ್ರವನ್ನು ಕೊಡುತ್ತಿದೆ. ಮೂರು ವರುಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಈ ಕಸುಬಿಗೆ ಪರವಾನಗಿಯ ಪದ್ಧತಿಯು ಬೆಳೆದಿಲ್ಲ. ಕೊಡಲಿಯೂ ಹಗ್ಗವೂ ಇದ್ದವನು ಮರ ಹತ್ತುವನು. ಹೀಗಿರುವಲ್ಲಿ ಕೆಲಸಗಾರನ ಹೆಸರೊಂದೇ ಆಧಾರವಾಗಿ ಉಳಿಯುವದು. ಆ ಹೆಸರು ಯಾವದರ ಮೇಲೆ ನಿಂತಿದೆಯೆಂಬುದನ್ನು ಪರೀಕ್ಷಿಸುವ ಹೊಣೆಯು ಕೆಲಸ ಕೊಡುವವರದು.

ಈಗಿನ ರೂಢಿಯಲ್ಲಿ ಅಗ್ಗವಾಗಿ, ಒಂದೇ ದಿನದಲ್ಲಿ, ಕಸವನ್ನೂ ಹೊತ್ತು ಸಾಗಿಸುವವನಿಗೆ ಒಳ್ಳೆಯ ಹೆಸರು ಬರುವದು. ಅವನು ಅಗ್ಗವಾಗಿ ಏಕೆ ಮಾಡುವನೆಂಬುದನ್ನು ಕೇಳುವವರು ವಿರಳ. ಅನೇಕ ಕಡೆಗೆ ಕೂಲಿಯ ಬದಲಿಗೆ ಕಡಿದ ಕಟ್ಟಿಗೆಯನ್ನು ಅವನಿಗೇ ಬಿಟ್ಟುಕೊಡುವ ಕರಾರು ಇರುವದು. ಯಜಮಾನರಿಗೆ ಕೈಯಿಂದ ರೊಕ್ಕ ಹೋಗಲಿಲ್ಲವೆಂಬ ಸಮಾಧಾನವಾಗುವದು. ಆದರೆ ಒಣಗಿದ ತೆಳುವಾದ ಟೊಂಗೆಯಿಂದ ಅವನಿಗೆ ಏನೂ ದೊರೆಯದು. ಲಾಭವೆಲ್ಲ ದಪ್ಪನಾದ ಹಸಿ ಟೊಂಗೆಯಲ್ಲಿ. ತೆಗೆಯಬೇಕಾದದ್ದನ್ನು ಬಿಟ್ಟು ಉಳಿಸಬೇಕಾದದ್ದನ್ನು ಕಡಿಯುವದಕ್ಕೆ ಯಜಮಾನರೇ ಅವನಿಗೆ ಲಂಚವನ್ನು ಕೊಟ್ಟಂತಾಗುವದು. ಎಂಥ ಪ್ರಾಮಾಣಿಕನೂ ಈ ಕರಾರಿನಲ್ಲಿ ಬಹುಕಾಲ ಪ್ರಾಮಾಣಿಕನಾಗಿ ಉಳಿಯುವದು ಕಷ್ಟ. ಆದುದರಿಂದ ಕೂಲಿಯನ್ನು ರೊಕ್ಕದಲ್ಲಿಯೇ, ದಿನದ ಲೆಕ್ಕದಿಂದಲೋ ಮರದ ಲೆಕ್ಕದಿಂದಲೋ ಗೊತ್ತುಮಾಡಿ, ಕಟ್ಟಿಗೆಯನ್ನು ಯಜಮಾನರು ಇಲ್ಲವೆ ಪಂಚಾಯತಿಯವರು ಪ್ರತ್ಯೇಕವಾಗಿ ವಿಲೇವಾರಿ ಮಾಡತಕ್ಕದ್ದು. ಈ ಒಂದು ಬದಲಾವಣೆಯಿಂದಾಗುವ ಸುಧಾರಣೆಯು ಹತ್ತು ಉಪದೇಶಗಳಿಂದ ಆಗದು.

ಹೊಸಬನಿಗೆ ಕೆಲಸ ಕೊಡುವ ಮುಂಚೆ ಅವನು ಮೂರು ನಾಲ್ಕು ವರುಷಗಳ ಹಿಂದೆ ಸವರಿದ ಮರ ಎಲ್ಲಿದೆಯೆಂದು ಕೇಳಿ, ಹೋಗಿ ನೋಡಬೇಕು. ಒಳ್ಳೆಯ ಕಡಿತದ ಸುತ್ತಲೂ ಹೊಸ ತೊಗಟೆಯು ಬಳೆಯಂತೆ ನಾಲ್ಕೂ ಕಡೆಯಿಂದ ಸಮನಾಗಿ ಬೆಳೆದಿರುವದು. ಬೊಡ್ಡೆಗೆ ಸಮನಾಗಿ ಹೆರೆದಲ್ಲಿ ಎಡಬಲಗಳಲ್ಲಿ ಮಾತ್ರ ಬೆಳೆದು ಮೇಲೆ ಕೆಳಗೆ ಬತ್ತಿಹೋಗಿರುವದು. ಇದನ್ನು ತಿಳಿಯಲು ವಿದ್ವತ್ತು ಬೇಡ. ಆಮೇಲೆ, ಉಳಿಸಬೇಕಾದ ಮರವನ್ನು ಹತ್ತುವಾಗ ಕಾಲಿಗೆ ಕಬ್ಬಿಣದ ಮುಳ್ಳುಗಳನ್ನು ಕಟ್ಟಿಕೊಳ್ಳುವನೋ ಹಗ್ಗದಿಂದ ಹತ್ತುವನೋ ಎಂಬುದನ್ನು ವಿಚಾರಿಸಬೇಕು. ಮುಳ್ಳಿನ ಪ್ರತಿಯೊಂದು ಹೆಜ್ಜೆಯೂ ಒಂದು ಗಾಯವು. ತಲೆಗೆ ಗಟ್ಟಿ ಟೋಪಿ, ಸೊಂಟಕ್ಕೆ ಹಗ್ಗ, ಕೆಳಗೆ ದಾರಿಯನ್ನು ತಡೆದು ನಿಲ್ಲುವ ಒಬ್ಬ ಆಳು ಇಲ್ಲದೆ ಕೆಲಸವನ್ನು ಆರಂಭಿಸಗೊಡಬಾರದು. ತಂತಿಯ ಸಮೀಪದ ಟೊಂಗೆಯಾದರೆ ಹೆಸ್ಕಾಂನವರಿಗೆ ತಿಳಿಸಿ ವಿದ್ಯುತ್ತನ್ನು ನಿಲ್ಲಿಸಿದ ಹೊರತು ಯಾರೂ ಮರ ಹತ್ತಕೂಡದು. ಹೇಳಿದ್ದಕ್ಕೆಲ್ಲ ಹೂಂಗುಟ್ಟುವವನಿಗಿಂತ “ಇದನ್ನು ಕಡಿಯುವ ಅವಶ್ಯವಿಲ್ಲ” ಎಂದು ಹೇಳಿ ತನ್ನ ಕೂಲಿಯನ್ನೇ ಕಡಿಮೆ ಮಾಡಿಕೊಳ್ಳುವವನು ಸಿಕ್ಕರೆ ಅವನನ್ನು ಬಿಡಬಾರದು.

ಕಾಯದೆಯ ವಿಷಯವಾಗಿ ಕೆಲಸಗಾರನ ಮಾತನ್ನೇ ನಂಬುವದು ಸರಿಯಲ್ಲ. ಕರ್ನಾಟಕ ವೃಕ್ಷ ಸಂರಕ್ಷಣ ಕಾಯದೆಯು 1976ರದು. ಸ್ವಂತ ಹೊಲದ ಮರವಾದರೂ ಅದನ್ನು ಕಡಿಯಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ದೊಡ್ಡ ಪ್ರಮಾಣದಲ್ಲಿ ಟೊಂಗೆಗಳನ್ನು ತೆಗೆಯುವದಿದ್ದರೂ ಮುಂಚಿತವಾಗಿ ಅರಣ್ಯ ಖಾತೆಯ ಕಚೇರಿಯಲ್ಲಿ ವಿಚಾರಿಸುವದು ಕ್ಷೇಮವು. “ಅದೆಲ್ಲ ನಾನು ನೋಡಿಕೊಳ್ಳುತ್ತೇನೆ” ಎನ್ನುವವನ ವಿಷಯದಲ್ಲಿ ವಿಶೇಷ ಎಚ್ಚರವಿರಲಿ.

ಊರಿನ ಸಾರ್ವಜನಿಕ ಮರಗಳಿಗಾಗಿ ಪಂಚಾಯತಿಯಲ್ಲಿ ಒಂದು ವಹಿಯನ್ನು ಇಡುವದು ಉತ್ತಮವು. ಯಾವ ಮರ, ಯಾವ ದಿನ, ಎಷ್ಟು ಟೊಂಗೆ, ಏಕೆ ತೆಗೆಯಲಾಯಿತು, ಕೈಯಿಟ್ಟವನು ಯಾರು ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ ಸಾಕು. ತನ್ನ ಹೆಸರು ಮರದೊಡನೆ ಬರೆಯಲ್ಪಡುವದೆಂದು ತಿಳಿದವನ ಗರಗಸವು ತಾನಾಗಿ ಮೆಲ್ಲಗೆ ನಡೆಯುವದು. ಚೆನ್ನಾಗಿ ಮಾಡಿದವನಿಗೂ ನೆರೆಯೂರಿನಲ್ಲಿ ತೋರಿಸಲು ಒಂದು ದಾಖಲೆ ದೊರೆಯುವದು. ಅದೇ ವಹಿಯಲ್ಲಿ ಕಟ್ಟೆಗಳ ಕೆಲಸವನ್ನೂ ಬರೆಯಬೇಕು. ಹಳೆಯ ಮರದ ಸುತ್ತಲೂ ಮಣ್ಣು ಏರಿಸಿ ಫರಸಿ ಹಾಸಿದರೆ ಬೇರುಗಳಿಗೆ ಗಾಳಿ ನೀರುಗಳು ದೊರೆಯದೆ, ಮೇಲೆ ಎಷ್ಟು ಜಾಣತನದಿಂದ ಸವರಿದರೂ ಮರವು ಕೆಳಗಿನಿಂದ ಸಾಯುವದು. ಬುಡದ ಸುತ್ತಲೂ ಒಂದು ಮೀಟರಿನಷ್ಟು ನೆಲದ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2013ರಲ್ಲಿ ದಿಲ್ಲಿಯ ಮರಗಳ ಬಗ್ಗೆ ಆಜ್ಞೆ ಮಾಡಿದ್ದನ್ನು ಇಲ್ಲಿಯೂ ಅನುಸರಿಸಬಹುದು.

ಸವರುವದಕ್ಕೆ ಮಳೆಯ ಜೋರು ಇಳಿದು ಹವೆಯು ಒಣಗಿದ ಕಾಲವು ಅನುಕೂಲವು. ಒಣಗಿದ, ಮುರಿದು ಜೋತಾಡುವ ಟೊಂಗೆಗಳಿಗೆ ಮಾತ್ರ ಕಾಲದ ನಿಯಮವಿಲ್ಲ. ಅವುಗಳನ್ನು ವೈಶಾಖದಲ್ಲಿಯೇ ಗುರುತು ಹಾಕಿ, ಮಿರಗದ ಮಳೆಗೆ ಮೊದಲು ಇಳಿಸಿಕೊಳ್ಳತಕ್ಕದ್ದು. ಶಾಲೆಯ ಅಂಗಳ, ಸಂತೆಯ ಬಯಲು, ಬಸ್ಸು ನಿಲ್ಲುವ ಸ್ಥಳಗಳಲ್ಲಿಯ ಮರಗಳನ್ನು ಎಲ್ಲಕ್ಕೂ ಮೊದಲು ನೋಡಬೇಕು.