ಸಾಲ ಮತ್ತು ಸಹಾಯಧನಕ್ಕಾಗಿ ಯೋಜನಾ ಪ್ರಸ್ತಾವನೆ ಬರೆಯುವ ಕ್ರಮ: ರಾಗಿ ಸಂಸ್ಕರಣಾ ಘಟಕದ ಉದಾಹರಣೆ

ರೈತ ಉತ್ಪಾದಕ ಸಂಸ್ಥೆಗಳು ಮತ್ತು ಸ್ವಸಹಾಯ ಸಂಘಗಳು ಸಂಸ್ಕರಣಾ ಘಟಕಕ್ಕಾಗಿ ಬ್ಯಾಂಕಿಗೆ ಸಲ್ಲಿಸುವ ಯೋಜನಾ ಪ್ರಸ್ತಾವನೆಯು, ಪಡೆಯುವ ಸಾಲವು ಯಾವ ಆದಾಯದಿಂದ, ಎಷ್ಟು ಕಾಲದಲ್ಲಿ ತೀರುತ್ತದೆ ಎಂಬುದನ್ನು ಲೆಕ್ಕಸಹಿತ ತೋರಿಸಬೇಕು. ಸಿದ್ಧ ಮಾದರಿಯ ವರದಿಗಳಲ್ಲಿ ಲೆಕ್ಕವು ಸಾಮಾನ್ಯವಾಗಿ ಯಂತ್ರದ ಸಾಮರ್ಥ್ಯದಿಂದ ಆರಂಭವಾಗುತ್ತದೆ. ಆದರೆ ಸಾಲ ತೀರುವುದು ಸದಸ್ಯರ ಹೊಲದಿಂದ ಬರುವ ಬೆಳೆಯಿಂದ. ಆದ್ದರಿಂದ ಲೆಕ್ಕವನ್ನು ಹೊಲದಿಂದಲೇ ಆರಂಭಿಸುವುದು ಸೂಕ್ತ.

1. ಕಚ್ಚಾವಸ್ತುವಿನ ಲಭ್ಯತೆ

ಉದಾಹರಣೆಗೆ, 200 ಸದಸ್ಯರು ತಲಾ ಒಂದು ಎಕರೆಯಲ್ಲಿ ಮಳೆಯಾಶ್ರಿತ ರಾಗಿ ಬೆಳೆಯುತ್ತಾರೆ ಎಂದುಕೊಳ್ಳೋಣ. ಮನೆ ಬಳಕೆಗೆ ಮತ್ತು ಬಿತ್ತನೆಗೆ ಉಳಿಸಿಕೊಂಡು ತಲಾ 5 ಕ್ವಿಂಟಾಲ್ ಮಾರಿದರೆ ಸಂಸ್ಥೆಗೆ ದೊರೆಯುವುದು 1,000 ಕ್ವಿಂಟಾಲ್. ಈ ಅಂಕಿಯನ್ನು ಅಂದಾಜಿನಿಂದ ಬರೆಯದೆ, ಕಳೆದ ಮೂರು ವರ್ಷಗಳಲ್ಲಿ ಪ್ರತಿ ಸದಸ್ಯರು ಮಾರಿದ ಪ್ರಮಾಣವನ್ನು ಪಟ್ಟಿ ಮಾಡಿ ಪಡೆಯಬೇಕು.

2. ಯಂತ್ರದ ಗಾತ್ರ

ಗಂಟೆಗೆ 200 ಕಿ.ಗ್ರಾಂ ಸಾಮರ್ಥ್ಯದ ಘಟಕವು ದಿನಕ್ಕೆ 8 ಗಂಟೆ ನಡೆದರೆ 16 ಕ್ವಿಂಟಾಲ್ ಸಂಸ್ಕರಿಸುತ್ತದೆ. 300 ದಿನಗಳ ಲೆಕ್ಕದಲ್ಲಿ ಇದು 4,800 ಕ್ವಿಂಟಾಲ್. ಆದರೆ ಮೇಲಿನ ಸಂಸ್ಥೆಯ 1,000 ಕ್ವಿಂಟಾಲ್ ರಾಗಿ 63 ದಿನಗಳಲ್ಲಿ ಮುಗಿಯುತ್ತದೆ. ಉಳಿದ ದಿನಗಳಲ್ಲಿ ಯಂತ್ರ ನಿಂತಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಸಣ್ಣ ಯಂತ್ರದ ಆಯ್ಕೆ, ಸದಸ್ಯರಲ್ಲದವರ ರಾಗಿ ಖರೀದಿ ಅಥವಾ ಬಾಡಿಗೆಗೆ ಹಿಟ್ಟು ಬೀಸಿಕೊಡುವುದು, ಇವುಗಳಲ್ಲಿ ಯಾವುದನ್ನು ಕೈಗೊಳ್ಳಲಾಗುವುದು ಎಂದು ಸ್ಪಷ್ಟವಾಗಿ ನಮೂದಿಸಬೇಕು.

3. ದುಡಿಯುವ ಬಂಡವಾಳ

ಮುಂಗಾರಿನ ರಾಗಿ ಹೆಚ್ಚಾಗಿ ನವೆಂಬರ್-ಡಿಸೆಂಬರ್‌ನಲ್ಲಿ ಕಟಾವಾಗುತ್ತದೆ. ಚೆನ್ನಾಗಿ ಒಣಗಿಸಿದ ಕಾಳು ದೀರ್ಘಕಾಲ ಕೆಡುವುದಿಲ್ಲ. ಹಿಟ್ಟಿಗೆ ಆ ಬಾಳಿಕೆಯಿಲ್ಲ. ಹೀಗಾಗಿ ಕಾಳನ್ನು ಸುಗ್ಗಿಯಲ್ಲೇ ಕೊಂಡು, ಬೇಡಿಕೆಗೆ ತಕ್ಕಂತೆ ವರ್ಷವಿಡೀ ಬೀಸಬೇಕಾಗುತ್ತದೆ. ಕ್ವಿಂಟಾಲಿಗೆ 4,000 ರೂ. ಎಂದು ಹಿಡಿದರೂ 1,000 ಕ್ವಿಂಟಾಲ್ ಖರೀದಿಗೆ 40 ಲಕ್ಷ ರೂ. ಬೇಕು. ಯಂತ್ರಕ್ಕೆ ಮಾತ್ರ ಸಾಲ ಕೇಳಿ ಈ ಮೊತ್ತವನ್ನು ಬಿಟ್ಟರೆ, ಘಟಕ ಸಿದ್ಧವಾದರೂ ರಾಗಿ ಕೊಳ್ಳಲು ಹಣವಿರುವುದಿಲ್ಲ. ಗೋದಾಮು, ಗೋಣಿಚೀಲ ಮತ್ತು ವಿಮೆಯ ವೆಚ್ಚವನ್ನೂ ಇಲ್ಲಿಯೇ ಸೇರಿಸಬೇಕು.

4. ಸಹಾಯಧನದ ಲೆಕ್ಕ

2020ರಲ್ಲಿ ಆರಂಭವಾದ ಪಿ.ಎಂ.ಎಫ್.ಎಂ.ಇ. ಯೋಜನೆಯಲ್ಲಿ ಕೇಂದ್ರದ ಮಾರ್ಗಸೂಚಿಯಂತೆ ಅರ್ಹ ಯೋಜನಾ ವೆಚ್ಚದ ಶೇ. 35ರಷ್ಟು ಸಾಲಸಂಪರ್ಕಿತ ಸಹಾಯಧನವಿದೆ. ವೈಯಕ್ತಿಕ ಘಟಕಗಳಿಗೆ ಇದರ ಗರಿಷ್ಠ ಮಿತಿ 10 ಲಕ್ಷ ರೂ.; ಫಲಾನುಭವಿಯ ವಂತಿಗೆ ಕನಿಷ್ಠ ಶೇ. 10. ಈ ಸಹಾಯಧನ ನಗದಾಗಿ ಕೈಸೇರುವುದಿಲ್ಲ. ಅದು ಬ್ಯಾಂಕಿನ ಖಾತೆಯಲ್ಲಿದ್ದು, ಸಾಲದ ಕೊನೆಯ ಕಂತು ಬಿಡುಗಡೆಯಾದ 3 ವರ್ಷಗಳ ನಂತರ, ಸಾಲ ಸುಸ್ತಿಯಾಗದೆ ಘಟಕ ನಡೆಯುತ್ತಿದ್ದಲ್ಲಿ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಆದ್ದರಿಂದ ಅದನ್ನು ಮೊದಲ ವರ್ಷದ ಆದಾಯವೆಂದು ತೋರಿಸಬಾರದು. ಅರ್ಜಿಗೆ ಮುನ್ನ ಪ್ರಸ್ತುತ ಮಾರ್ಗಸೂಚಿಯನ್ನು ಜಿಲ್ಲಾ ಸಂಪನ್ಮೂಲ ವ್ಯಕ್ತಿಯವರಿಂದ ಖಚಿತಪಡಿಸಿಕೊಳ್ಳಬೇಕು.

5. ಪ್ರಸ್ತಾವನೆಯ ಅನುಕ್ರಮ

• ಒಂದು ಪುಟದ ಸಾರಾಂಶ: ಉದ್ದೇಶ, ಒಟ್ಟು ವೆಚ್ಚ, ಸ್ವಂತ ವಂತಿಗೆ, ಕೋರುವ ಸಾಲ
• ಸಂಸ್ಥೆಯ ಪರಿಚಯ ಮತ್ತು ಸದಸ್ಯರ ವಿವರ
• ಕಚ್ಚಾವಸ್ತು, ಯಂತ್ರೋಪಕರಣ, ಕಟ್ಟಡ, ವಿದ್ಯುತ್ ಮತ್ತು ನೀರು
• ಖರೀದಿದಾರರು ಯಾರು, ಯಾವ ದರಕ್ಕೆ, ಎಷ್ಟು ಪ್ರಮಾಣ
• ತಿಂಗಳವಾರು ಹಣದ ಹರಿವು ಮತ್ತು ಮರುಪಾವತಿ ಪಟ್ಟಿ
• ಲಗತ್ತುಗಳು: ಆಡಳಿತ ಮಂಡಳಿಯ ಠರಾವು, ಲೆಕ್ಕಪರಿಶೋಧನಾ ವರದಿ, ಯಂತ್ರಗಳ ದರಪಟ್ಟಿ, ನಿವೇಶನ ಅಥವಾ ಬಾಡಿಗೆ ಕರಾರು ಪತ್ರ

"ಉತ್ತಮ ಮಾರುಕಟ್ಟೆ ಇದೆ" ಎಂಬ ವಾಕ್ಯಕ್ಕಿಂತ, ಇಬ್ಬರು ವ್ಯಾಪಾರಿಗಳು ಪ್ರಮಾಣ ಮತ್ತು ದರ ನಮೂದಿಸಿ ಕೊಟ್ಟ ಒಪ್ಪಿಗೆ ಪತ್ರಕ್ಕೆ ಹೆಚ್ಚಿನ ತೂಕವಿರುತ್ತದೆ.

6. ಸಲ್ಲಿಸುವ ಮುನ್ನ ಪರಿಶೀಲನೆ

ಮಳೆ ಕೈಕೊಟ್ಟು ಆವಕ ಕಾಲು ಭಾಗ ಕುಸಿದರೆ 1,000 ಕ್ವಿಂಟಾಲ್ 750ಕ್ಕೆ ಇಳಿಯುತ್ತದೆ. ಘಟಕಕ್ಕೆ 47 ದಿನಗಳ ಕೆಲಸ ಮಾತ್ರ ಉಳಿಯುತ್ತದೆ. ಆ ವರ್ಷವೂ ಕಂತು ಕಟ್ಟಲು ಸಾಧ್ಯವೇ ಎಂಬುದನ್ನು ಪ್ರತ್ಯೇಕವಾಗಿ ಲೆಕ್ಕಿಸಬೇಕು. ಸಾಧ್ಯವಿಲ್ಲವಾದರೆ ಯೋಜನೆಯ ಗಾತ್ರವನ್ನು ಕಾಗದದ ಮೇಲಿರುವಾಗಲೇ ತಗ್ಗಿಸುವುದು ಲೇಸು.

ಕೊನೆಯದಾಗಿ, ವಿಸ್ತರಣಾ ಕಾರ್ಯಕರ್ತರು ಪ್ರಸ್ತಾವನೆಯನ್ನು ಸದಸ್ಯರ ಸಭೆಯಲ್ಲಿ ಪೂರ್ತಿಯಾಗಿ ಓದಿಸಬೇಕು. ಪಣಕ್ಕಿರುವುದು ಸದಸ್ಯರ ಷೇರು ಹಣ. ವರದಿಯನ್ನು ಬೇರೆಯವರು ಸಿದ್ಧಪಡಿಸಿದ್ದರೂ, ಸಹಿ ಹಾಕುವವರು ಅದರ ಪ್ರತಿಯೊಂದು ಅಂಕಿ ಎಲ್ಲಿಂದ ಬಂತೆಂದು ಹೇಳಬಲ್ಲವರಾಗಿರಬೇಕು.