ಪಿಂಗ್ ಬಂತು ಅಂದ್ರೆ ರೀಬೂಟ್ ಆಯ್ತು ಅಂತಲ್ಲ!

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನೆನಪಿದೆಯಾ? ಮಹದೇವಪುರ ವಲಯದ ಲೇಔಟುಗಳಿಗೆ ನೀರು ನುಗ್ಗಿ, ಬೆಳ್ಳಂದೂರಿನ ಹತ್ತಿರ ಔಟರ್ ರಿಂಗ್ ರೋಡ್ ಹೊಳೆಯಾಗಿತ್ತು. ಕೆಲವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು, ಉಳಿದವರು ಮನೆಯಿಂದಲೇ ಕೆಲಸ ಮಾಡಿದರು. ಅಂಥ ದಿನ ಮಹದೇವಪುರದ ಒಂದು ಸರ್ವರ್ ರೂಮಿನ 200 ಲಿನಕ್ಸ್ ಮಷೀನುಗಳನ್ನು ನಾವು ಮನೆಯಲ್ಲಿ ಕೂತು ರೀಬೂಟ್ ಮಾಡಬೇಕು ಅಂದುಕೊಳ್ಳೋಣ. ಹೋಗಿ ನೋಡೋಕೆ ಆಗಲ್ಲ. ಎಲ್ಲವೂ ನಿಜಕ್ಕೂ ರೀಬೂಟ್ ಆದವು ಅಂತ ತಿಳಿಯೋದು ಹೇಗೆ?

ಇದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ಬೇಕು. 2016ರ ಅಕ್ಟೋಬರಿನಲ್ಲಿ ಬಯಲಾದ 'ಡರ್ಟಿ ಕೌ' ದೋಷದಿಂದ ಸಾಮಾನ್ಯ ಬಳಕೆದಾರನೂ ರೂಟ್ ಆಗಿಬಿಡಬಹುದಿತ್ತು. ಸರಿಮಾಡಿದ ಕರ್ನಲ್ ಬಂತು, ಹಲವರು ಇನ್‌ಸ್ಟಾಲ್ ಮಾಡಿದರು. ಆದರೆ ಹೊಸ ಕರ್ನಲ್ ಡಿಸ್ಕಿನಲ್ಲಿ ಕೂತರೆ ಸಾಲದು. ರೀಬೂಟ್ ಆಗೋವರೆಗೂ ಮೆಮೊರಿಯಲ್ಲಿ ಓಡ್ತಿರೋದು ಹಳೇದೇ. ರಿಪೋರ್ಟಿನಲ್ಲಿ 'ಪ್ಯಾಚ್ ಆಗಿದೆ' ಅಂತ ಇರುತ್ತೆ, ಬಾಗಿಲು ಮಾತ್ರ ತೆರೆದೇ ಇರುತ್ತೆ.

ಮೊದಲು ಎಲ್ಲರೂ ಬರೆಯೋ ಸ್ಕ್ರಿಪ್ಟ್ ಹೀಗಿರುತ್ತೆ: ಎಸ್‌ಎಸ್‌ಎಚ್ ಮೂಲಕ ರೀಬೂಟ್ ಕಮಾಂಡ್ ಕೊಡು, 30 ಸೆಕೆಂಡ್ ಕಾಯಿ, ಪಿಂಗ್ ಮಾಡು, ಉತ್ತರ ಬಂದರೆ 'ಓಕೆ'. ಇದರಲ್ಲಿ ಎರಡು ತಪ್ಪಿವೆ. ಯಾವುದೋ ಸರ್ವಿಸ್ ಬೇಗ ನಿಲ್ಲದೆ ಹಟ ಹಿಡಿದರೆ ಶಟ್‌ಡೌನ್ ಒಂದೂವರೆ ನಿಮಿಷಕ್ಕೂ ಹೆಚ್ಚು ಎಳೆಯಬಹುದು. ಆಗ ಪಿಂಗಿಗೆ ಉತ್ತರ ಕೊಡೋದು ಇನ್ನೂ ಮಲಗದ ಹಳೇ ಮಷೀನೇ! ಇನ್ನೊಂದು ಕಡೆ, ರೀಬೂಟ್ ಶುರುವಾದಾಗ ಎಸ್‌ಎಸ್‌ಎಚ್ ಸಂಪರ್ಕ ಕಡಿದುಹೋಗಿ ಕಮಾಂಡ್ ಎರರ್ ತೋರಿಸಬಹುದು. ಕೆಲಸ ಸರಿಯಾಗಿ ಆಗಿದ್ದರೂ ಸ್ಕ್ರಿಪ್ಟ್ 'ಫೇಲ್' ಅನ್ನುತ್ತೆ.

ಅಪ್‌ಟೈಮ್ ನೋಡಿದರೆ? ಪಿಂಗ್‌ಗಿಂತ ವಾಸಿ. ಆದರೆ ಐದು ನಿಮಿಷದ ಹಿಂದೆ ಬೇರೆ ಯಾರೋ ರೀಬೂಟ್ ಮಾಡಿದ್ದರೆ ಅದನ್ನೇ ನಮ್ಮದು ಅಂದುಕೊಳ್ತೀವಿ. ಬೂಟ್ ಆದ ಸಮಯವನ್ನು ಹೋಲಿಸೋಣ ಅಂದರೆ, ಅದು ಗಡಿಯಾರದಿಂದ ಲೆಕ್ಕ ಹಾಕಿದ್ದು. ಎನ್‌ಟಿಪಿ ಗಡಿಯಾರ ತಿದ್ದಿದರೆ ಬೂಟ್ ಸಮಯವೂ ಸರಿದಂತೆ ಕಾಣುತ್ತೆ.

ಲಿನಕ್ಸ್‌ನಲ್ಲೇ ಇದಕ್ಕೆ ಚೊಕ್ಕ ಉಪಾಯವಿದೆ: ಬೂಟ್ ಐಡಿ. ಪ್ರತಿ ಸಲ ಬೂಟ್ ಆದಾಗ ಕರ್ನಲ್ ಒಂದು ಹೊಸ ರ‍್ಯಾಂಡಮ್ ಗುರುತು ಸೃಷ್ಟಿಸುತ್ತೆ, ಮುಂದಿನ ಬೂಟ್‌ವರೆಗೂ ಅದು ಬದಲಾಗಲ್ಲ. ರೀಬೂಟಿಗೆ ಮುಂಚೆ ಅದನ್ನು ಓದಿ ಇಟ್ಟುಕೊಳ್ಳಿ, ಆಮೇಲೆ ಮತ್ತೆ ಓದಿ. ಬೇರೆ ಬಂದರೆ ಮಾತ್ರ ರೀಬೂಟ್ ಆಗಿದೆ. ಆನ್ಸಿಬಲ್ 2.7ರಲ್ಲಿ ಬಂದ ರೀಬೂಟ್ ಮಾಡ್ಯೂಲ್ ಲಿನಕ್ಸ್‌ನಲ್ಲಿ ಮಾಡೋದೂ ಇದನ್ನೇ: ಐಡಿ ಬದಲಾಗೋವರೆಗೆ ಮತ್ತೆ ಮತ್ತೆ ಕೇಳುತ್ತೆ, ಆಮೇಲೆ ಒಂದು ಸಣ್ಣ ಕಮಾಂಡ್ ಓಡಿಸಿ ಮಷೀನ್ ಕೆಲಸಕ್ಕೆ ತಯಾರಿದೆಯಾ ಅಂತ ನೋಡುತ್ತೆ. ನಾವು ಬದಲಿಸದಿದ್ದರೆ ಕಾಯುವ ಮಿತಿ 600 ಸೆಕೆಂಡ್. ಒಂದು ಎಚ್ಚರಿಕೆ: ಕಂಟೇನರ್ ಒಳಗೆ ಓದಿದರೆ ಹೋಸ್ಟ್ ಮಷೀನಿನ ಐಡಿಯೇ ಸಿಗಬಹುದು.

ಐಡಿ ಬದಲಾದರೂ ಕೆಲಸ ಮುಗಿದಿಲ್ಲ. ಓಡ್ತಿರೋ ಕರ್ನಲ್ ಹೊಸದೇನಾ, ನಮಗೆ ಬೇಕಾದ ಸರ್ವಿಸ್‌ಗಳು ಎದ್ದಿವೆಯಾ ಅಂತಲೂ ನೋಡಬೇಕು. ಮಷೀನ್ ಏಳದೇ ಹೋದರೆ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳು ಕೈಕೊಟ್ಟವು. ಎಷ್ಟೋ ಮಷೀನುಗಳು ರೀಬೂಟ್ ಆಗ್ತಾನೇ ಇದ್ದವು, ಪೂರ್ತಿ ಏಳಲಿಲ್ಲ. ಜನ ಎದುರಿಗೆ ಕೂತು ಒಂದೊಂದಾಗಿ ಸರಿಮಾಡಬೇಕಾಯ್ತು. ಆದ್ದರಿಂದ 200ನ್ನೂ ಒಟ್ಟಿಗೆ ರೀಬೂಟ್ ಮಾಡಬೇಡಿ. ಮೊದಲು ಎರಡು, ಆಮೇಲೆ ಹತ್ತು. ಒಂದು ತಂಡ ಪರೀಕ್ಷೆ ಪಾಸಾಗದೆ ಮುಂದಿನದು ಬೇಡ. ಸರ್ವರಿನಲ್ಲಿ ಬಿಎಂಸಿ ಇದ್ದರೆ, ಅದರ ಕನ್ಸೋಲಿಗೆ ದೂರದಿಂದ ಹೋಗೋಕೆ ಆಗುತ್ತಾ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಇವತ್ತೇ ಲ್ಯಾಬಿನಲ್ಲೋ ನಿಮ್ಮ ಲ್ಯಾಪ್‌ಟಾಪಿನಲ್ಲೋ ಪ್ರಯತ್ನಿಸಿ. ಬೂಟ್ ಐಡಿ ಬರೆದಿಟ್ಟುಕೊಂಡು, ಮಷೀನನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿ: ಅದೇ ಐಡಿ. ರೀಬೂಟ್ ಮಾಡಿ: ಹೊಸ ಐಡಿ. ಮಲಗಿ ಎದ್ದಿದ್ದಕ್ಕೂ ಹೊಸದಾಗಿ ಹುಟ್ಟಿದ್ದಕ್ಕೂ ಇರೋ ವ್ಯತ್ಯಾಸ ಇಷ್ಟೇ ನೋಡಿ!