ಮರಳ ಗುಂಡಿಯ ಅಂಚಿನಲ್ಲಿ ನಿಂತ ತಾಯಿ

ನಮ್ಮ ಕುಟುಂಬಗಳಲ್ಲಿ ಹೆಣ್ಣುಮಕ್ಕಳ ಓಟದ ಬೂಟುಗಳಿಗೆ ಆಯುಷ್ಯ ಕಡಿಮೆ. ಹೈಸ್ಕೂಲಿನಲ್ಲಿ ಹೋಬಳಿ ಮಟ್ಟ ದಾಟಿ, ತಾಲ್ಲೂಕು ಮಟ್ಟದಲ್ಲಿ ಗೆದ್ದು, ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಕ್ರೀಡಾಕೂಟದವರೆಗೆ ಹೋಗಿಬಂದ ಹುಡುಗಿ, ಮದುವೆಯ ಹೊತ್ತಿಗೆ ಆ ಪ್ರಶಸ್ತಿಪತ್ರಗಳನ್ನೆಲ್ಲ ತವರಿನ ಟ್ರಂಕಿನ ತಳಕ್ಕೆ ಸೇರಿಸಿರುತ್ತಾಳೆ. ಹತ್ತು ವರ್ಷಗಳ ಮೇಲೆ ತನ್ನ ಮಕ್ಕಳು ಶಾಲೆಯ ಬಯಲಿನಲ್ಲಿ ಓಡುವುದನ್ನು ಕಂಡಾಗ ಅವಳ ಕಾಲುಗಳಲ್ಲಿ ಏನೋ ಮಿಸುಕುತ್ತದೆ. ಅವಳೇನಾದರೂ ಧೈರ್ಯಮಾಡಿ, 'ಸಂಜೆಯ ಹೊತ್ತು ಮಕ್ಕಳಿಗೆ ಓಟ ಕಲಿಸಬೇಕೆಂದಿದ್ದೇನೆ' ಎಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಹಾಗಾದರೆ ಸಂಜೆಯ ಅಡುಗೆ ಯಾರು ಮಾಡುವುದು?

ಈ ಪ್ರಶ್ನೆಯನ್ನು ನಾವು ಹಾಸ್ಯ ಮಾಡಲಾರೆವು. ಅಡುಗೆ ಆಗಲೇಬೇಕು, ಮಕ್ಕಳು ಉಣ್ಣಲೇಬೇಕು. ಪ್ರಶ್ನೆಗೆ ಉತ್ತರ ಹುಡುಕಿಕೊಂಡ ಮನೆಗಳು ಇವೆಯೇ ಎಂದು ನೋಡುವುದು ಹೆಚ್ಚು ಪ್ರಯೋಜನದ ಕೆಲಸ. ಸಿದ್ದರಬೆಟ್ಟದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲೇ ಅಂಥದೊಂದು ಮನೆಯಿದೆ. ಅದು ಉದ್ದ ಜಿಗಿತದ ಅಂಜು ಬಾಬಿ ಜಾರ್ಜ್ ಅವರ ಮನೆ.

ಅಂಜು ಹುಟ್ಟಿದ್ದು 1977ರ ಏಪ್ರಿಲ್ 19ರಂದು, ಕೇರಳದ ಚಂಗನಾಶ್ಶೇರಿಯ ಬಳಿ. ಶಾಲಾದಿನಗಳಲ್ಲಿ ಅವರು ಒಂದೇ ಆಟಕ್ಕೆ ಅಂಟಿಕೊಂಡವರಲ್ಲ. ಓಟ, ಎಸೆತ, ಜಿಗಿತಗಳನ್ನೆಲ್ಲ ಬೆರೆಸಿದ ಹೆಪ್ಟಾಥ್ಲಾನ್ ಅವರ ಮೊದಲ ಒಲವು. ತ್ರಿವಿಧ ಜಿಗಿತದಲ್ಲಿ ರಾಷ್ಟ್ರೀಯ ದಾಖಲೆ ಮಾಡಿದ್ದೂ ಉಂಟು. ಉದ್ದ ಜಿಗಿತದಲ್ಲಿ ಅವರನ್ನು ನೆಲೆಗೊಳಿಸಿದವರು ರಾಬರ್ಟ್ ಬಾಬಿ ಜಾರ್ಜ್. ತಾವೇ ತ್ರಿವಿಧ ಜಿಗಿತದ ರಾಷ್ಟ್ರೀಯ ಚಾಂಪಿಯನ್ ಆಗಿದ್ದ, ಎಂಜಿನಿಯರಿಂಗ್ ಓದಿದ್ದ ಈ ಯುವಕ 1998ರಲ್ಲಿ ತಮ್ಮ ಸ್ಪರ್ಧಾಜೀವನವನ್ನು ಬದಿಗಿಟ್ಟು ಅಂಜು ಅವರ ತರಬೇತಿಗೆ ನಿಂತರು. 2000ದಲ್ಲಿ ಇಬ್ಬರೂ ವಿವಾಹವಾದರು. ಗಂಡನ ಕೆಲಸಕ್ಕಾಗಿ ಹೆಂಡತಿ ತನ್ನದನ್ನು ಬಿಡುವುದು ನಮಗೆ ಎಷ್ಟು ಪರಿಚಿತವೆಂದರೆ ಅದನ್ನು ಯಾರೂ ತ್ಯಾಗವೆಂದು ಹೆಸರಿಸುವುದೂ ಇಲ್ಲ. ಇಲ್ಲಿ ಅದು ತಿರುಗುಮುರುಗಾಯಿತು. ಮುಂದೆ ಸರ್ಕಾರ ರಾಬರ್ಟ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ನೀಡಿತು.

ರಾಬರ್ಟ್ ಬೆಳೆದ ಮನೆಯ ವಿಚಾರವನ್ನೂ ಒಂದು ಮಾತು ಹೇಳಬೇಕು. ಕಣ್ಣೂರು ಜಿಲ್ಲೆಯ ಪೇರಾವೂರಿನ ಆ ಮನೆಯಲ್ಲಿ ಎಂಟು ಮಂದಿ ಗಂಡುಮಕ್ಕಳು, ಎಲ್ಲರೂ ವಾಲಿಬಾಲ್ ಆಡಿದವರು. ಅಣ್ಣತಮ್ಮಂದಿರೇ ಸೇರಿ ಒಂದು ತಂಡ ಕಟ್ಟಿ ಪಂದ್ಯವಾಡಿದ್ದನ್ನು ಆ ಸೀಮೆಯವರು ಇಂದಿಗೂ ನೆನೆಯುತ್ತಾರೆ. ಅವರಲ್ಲೊಬ್ಬರಾದ ಜಿಮ್ಮಿ ಜಾರ್ಜ್ ಇಟಲಿಯ ಕ್ಲಬ್ಬುಗಳಿಗೆ ಆಡಿ ಜಗತ್ತಿನ ಗಮನ ಸೆಳೆದರು; 1987ರ ನವೆಂಬರ್ 30ರಂದು ಅಲ್ಲಿಯೇ ಕಾರು ಅಪಘಾತದಲ್ಲಿ ತೀರಿಕೊಂಡರು. ಎಂಟು ಮಂದಿ ಆಟಗಾರರ ಬಟ್ಟೆ ಒಗೆದು, ಅವರ ಹಸಿವು ತಣಿಸಿದ ತಾಯಿಗೆ ಯಾವ ಪದಕವೂ ಬಂದಿಲ್ಲವೆಂಬುದು ನಮಗೆ ತೋಚಿದ ಮಾತು. ಆದರೆ ಆ ಮನೆಯ ಗಂಡುಮಕ್ಕಳಿಗೆ ಮನೆ ಮತ್ತು ಮೈದಾನ ಎರಡು ಬೇರೆ ಲೋಕಗಳಾಗಿ ಕಂಡಿರಲಾರವು.

ಅಂಜು ಅವರ ಗೆಲುವುಗಳು ಬಹುಮಂದಿಗೆ ತಿಳಿದವೇ. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು, ಅದೇ ವರ್ಷ ಬೂಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದಾಗ, ಆ ಕೂಟದಲ್ಲಿ ಪದಕ ಪಡೆದ ಮೊದಲ ಭಾರತೀಯರೆನಿಸಿದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 6.83 ಮೀಟರ್ ಜಿಗಿದರೂ ಪದಕ ಸಿಗಲಿಲ್ಲ. ಆರನೆಯ ಸ್ಥಾನ ಬಂತು. ಮೇಲಿದ್ದ ಅಮೆರಿಕದ ಮರಿಯನ್ ಜೋನ್ಸ್ ಉದ್ದೀಪನ ಮದ್ದಿನ ಕಾರಣದಿಂದ ಅನರ್ಹಗೊಂಡ ಮೇಲೆ ಅದು ಐದನೆಯದಾಯಿತು. 2005ರಲ್ಲಿ ಮೊನಾಕೊದ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಬಂದ ಬೆಳ್ಳಿಯೂ ಹೀಗೆಯೇ 2014ರಲ್ಲಿ ಚಿನ್ನವಾಗಿ ಬದಲಾಯಿತು. ನ್ಯಾಯವಾಗಿ ತಮ್ಮದಾಗಿದ್ದ ಚಿನ್ನಕ್ಕೆ ಒಂಬತ್ತು ವರ್ಷ ಕಾಯಬೇಕಾಯಿತು. ಅದು ಬಂದಾಗ ಅಂಜು ಸ್ಪರ್ಧೆಗಳನ್ನು ಬಿಟ್ಟಿದ್ದರು, ತಾಯಿಯಾಗಿದ್ದರು.

ಸ್ಪರ್ಧಾಜೀವನದ ಕೊನೆ ಅಷ್ಟು ಹಿತಕರವಾಗಿರಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ಮೂರು ಜಿಗಿತಗಳೂ ಫೌಲ್ ಆದವು. ಅವರ ಹೆಸರಿನ ಮುಂದೆ ಒಂದು ಅಂಕಿಯೂ ದಾಖಲಾಗಲಿಲ್ಲ. ಬಳಿಕ ಸಂಸಾರದ ದಿನಗಳು ಬಂದವು, ಇಬ್ಬರು ಮಕ್ಕಳಾದರು. ಪತ್ರಿಕೆಗಳ ಕ್ರೀಡಾಪುಟದಿಂದ ಅವರ ಹೆಸರು ಮೆಲ್ಲನೆ ಮರೆಯಾಯಿತು. ನಮ್ಮ ಹೆಚ್ಚಿನ ತಾಯಂದಿರ ಕಥೆ ಇಲ್ಲಿಗೆ ನಿಲ್ಲುತ್ತದೆ.

ಅಂಜು ನಿಲ್ಲಲಿಲ್ಲ. 2016ರಲ್ಲಿ ಹೆಣ್ಣುಮಕ್ಕಳಿಗೆಂದೇ ತರಬೇತಿ ಅಕಾಡೆಮಿಯೊಂದನ್ನು ಆರಂಭಿಸಿದರು. ಮೈದಾನದಲ್ಲಿ ದಿನನಿತ್ಯದ ಮುಖ್ಯ ತರಬೇತಿ ರಾಬರ್ಟ್ ಅವರದು. ಮಾರ್ಗದರ್ಶನ ಅಂಜು ಅವರದು. ಒಂದು ಕಾಲದಲ್ಲಿ ಗಂಡ ಕಲಿಸಿದ್ದನ್ನು ಹೆಂಡತಿ ಕಲಿತಿದ್ದರು. ಈಗ ಇಬ್ಬರೂ ಕೂಡಿ ಪರರ ಮಕ್ಕಳಿಗೆ ಕಲಿಸಲು ನಿಂತರು.

ಆ ಪರರ ಮಕ್ಕಳಲ್ಲಿ ಶೈಲಿ ಸಿಂಗ್ ಎಂಬ ಹುಡುಗಿಯ ಸಂಗತಿ ವಿಶೇಷವಾದುದು. ಉತ್ತರ ಪ್ರದೇಶದ ಝಾನ್ಸಿಯವಳು, 2004ರ ಜನವರಿಯಲ್ಲಿ ಹುಟ್ಟಿದವಳು. ತಾಯಿ ಬಟ್ಟೆ ಹೊಲಿದು ಒಬ್ಬರೇ ಮಕ್ಕಳನ್ನು ಸಾಕಿದವರು. 2017ರಲ್ಲಿ ಕಿರಿಯರ ರಾಷ್ಟ್ರೀಯ ಕೂಟವೊಂದರಲ್ಲಿ ರಾಬರ್ಟ್ ಅವರ ಕಣ್ಣಿಗೆ ಈ ಹುಡುಗಿ ಬಿದ್ದಳು. ಪದಕ ಪಡೆದವರ ಸಾಲಿನಲ್ಲಿ ಅವಳಿರಲಿಲ್ಲ. ಗೆದ್ದವರನ್ನು ಬಿಟ್ಟು ಸೋತವಳನ್ನು ಗುರುತಿಸುವ ಈ ಬಗೆಯ ನೋಟಕ್ಕೆ ಪದಕಪಟ್ಟಿಗಿಂತ ಹೆಚ್ಚಿನದೇನೋ ಬೇಕು. ಮರುವರ್ಷ, ಹದಿನಾಲ್ಕರ ಪ್ರಾಯದಲ್ಲಿ, ಶೈಲಿ ಬೆಂಗಳೂರಿಗೆ ಬಂದಳು.

ಇಲ್ಲಿ ನಾವು ಸ್ವಲ್ಪ ನಿಂತು ಆ ಹೊಲಿಗೆಯ ತಾಯಿಯ ಕಡೆ ನೋಡಬೇಕಾಗಿದೆ. ಭಾಷೆ ಬಾರದ ಊರಿಗೆ, ಎರಡು ಸಾವಿರ ಕಿಲೋಮೀಟರಿಗೆ ಹತ್ತಿರದಷ್ಟು ದೂರಕ್ಕೆ, ಪ್ರಾಯಕ್ಕೆ ಬರುತ್ತಿರುವ ಮಗಳನ್ನು ಕಳುಹಿಸುವುದೆಂದರೆ ಸಣ್ಣ ಮಾತೇ? ನಮ್ಮಲ್ಲಿ ಕೊರಟಗೆರೆಯಿಂದ ತುಮಕೂರಿನ ಹಾಸ್ಟೆಲ್ಲಿಗೆ ಕಳುಹಿಸುವಾಗಲೇ ತಾಯಂದಿರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ತರಬೇತುದಾರರು ಎಷ್ಟೇ ನಿಪುಣರಿರಲಿ, ಆ ಅಂಗಳದಲ್ಲಿ ಹೆಂಗಸೊಬ್ಬರು ಇದ್ದಾರೆ, ಅವರೂ ಮಕ್ಕಳ ತಾಯಿ ಎಂಬ ತಿಳಿವಳಿಕೆ ಹೆತ್ತವರಿಗೆ ಎಷ್ಟು ನೆಮ್ಮದಿ ಕೊಡುತ್ತದೆಂಬುದನ್ನು ಹೆಣ್ಣುಮಕ್ಕಳಿರುವ ಯಾವ ಮನೆಯೂ ಬಲ್ಲದು. ಮುಟ್ಟಿನ ದಿನ ಹೊಟ್ಟೆನೋವೆಂದು ಹೇಳಿಕೊಳ್ಳಲು, ಮನೆಯ ನೆನಪಾಗಿ ಅಳಲು, ಹುಡುಗಿಗೆ ಒಬ್ಬರು ಬೇಕು. ತಾಯಿಯಾದ ತರಬೇತುದಾರ್ತಿಯ ಅರ್ಹತೆಯ ಪಟ್ಟಿಯಲ್ಲಿ ಯಾವ ಇಲಾಖೆಯೂ ಬರೆಯದ ಅರ್ಹತೆ ಇದು.

2021ರ ಆಗಸ್ಟ್ 22ರಂದು ಕೀನ್ಯಾದ ನೈರೋಬಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಶೈಲಿ 6.59 ಮೀಟರ್ ಜಿಗಿದು ಬೆಳ್ಳಿ ಗೆದ್ದಳು. ಚಿನ್ನ ಗೆದ್ದ ಸ್ವೀಡನ್ನಿನ ಹುಡುಗಿ ಜಿಗಿದದ್ದು 6.60. ನಡುವೆ ಒಂದೇ ಸೆಂಟಿಮೀಟರ್, ಕಿರುಬೆರಳಿನ ಅಗಲದಷ್ಟು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಂಜು ಅವರಿಗೆ ವರ್ಷದ ಮಹಿಳೆ ಎಂಬ ಗೌರವ ನೀಡಿತು. ಜಿಗಿದು ಗೆದ್ದದ್ದಕ್ಕಲ್ಲ, ಹೆಣ್ಣುಮಕ್ಕಳಿಗೆ ಅಕಾಡೆಮಿ ತೆರೆದು ಬೆಳೆಸಿದ್ದಕ್ಕೆ, ಕ್ರೀಡೆಯಲ್ಲಿ ಸಮಾನತೆಗಾಗಿ ದನಿಯೆತ್ತಿದ್ದಕ್ಕೆ.

ಇದಕ್ಕೂ ಒಂದು ವರ್ಷ ಮೊದಲು, 2020ರ ಡಿಸೆಂಬರಿನಲ್ಲಿ, ಅಂಜು ತಾವು ಒಂದೇ ಮೂತ್ರಪಿಂಡವಿಟ್ಟುಕೊಂಡು ಈ ಎತ್ತರವನ್ನೇರಿದುದಾಗಿ ಬಹಿರಂಗಪಡಿಸಿದರು. ನೋವು ನಿವಾರಕ ಮಾತ್ರೆಗಳೂ ಅವರ ದೇಹಕ್ಕೆ ಒಗ್ಗುತ್ತಿರಲಿಲ್ಲವಂತೆ. ಓದುಗರು ಬೆರಗಾದರು. ನಮಗೆ ಬೆರಗಿಗಿಂತ ಮಿಗಿಲಾಗಿ ಕಂಡದ್ದು, ಸ್ಪರ್ಧೆಯ ದಿನಗಳಲ್ಲಿ ಈ ಮಾತನ್ನು ಅವರು ಜನರ ಮುಂದೆ ಆಡದೆ ಇದ್ದುದು.

ತರಬೇತಿಯೆಂದರೆ ಸೀಟಿ ಊದಿ ಓಡಿಸುವುದೆಂದು ಭಾವಿಸುವವರು ಒಮ್ಮೆ ಉದ್ದ ಜಿಗಿತದ ಹಲಗೆಯನ್ನು ನೋಡಬೇಕು. ಅದರ ಅಗಲ 20 ಸೆಂಟಿಮೀಟರ್, ಅಂದರೆ ನಮ್ಮ ಒಂದು ಗೇಣಿಗಿಂತ ಹೆಚ್ಚಿಲ್ಲ. ಮೂವತ್ತು ನಾಲ್ವತ್ತು ಮೀಟರ್ ದೂರದಿಂದ ಶರವೇಗದಲ್ಲಿ ಓಡಿಬಂದ ಹುಡುಗಿ ಆ ಗೇಣಿನೊಳಗೆ ಕಾಲೂರಬೇಕು. ಅಂಚಿನಿಂದ ಕಾಲ್ಬೆರಳು ಮುಂದೆ ಸರಿದರೆ ಫೌಲ್. ಹೆದರಿ ಒಂದು ಗೇಣು ಹಿಂದೆ ಜಿಗಿದರೆ ಆ ಗೇಣು ನಷ್ಟ, ಏಕೆಂದರೆ ಅಳತೆ ನಡೆಯುವುದು ಹಲಗೆಯ ಮುಂದಂಚಿನಿಂದಲೇ. ಮರಳಿನಲ್ಲಿ ಬಿದ್ದಾಗ ಪಾದ ಎಲ್ಲೇ ಇರಲಿ, ಹಿಂದಕ್ಕೆ ಊರಿದ ಅಂಗೈ ಮಾಡಿದ ಗುರುತೇ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಕಲಿಸುವವರು ಹೆಜ್ಜೆಗಳನ್ನು ಎಣಿಸುತ್ತಾರೆ, ಓಟ ಹೊರಡುವ ಗುರುತನ್ನು ಅರ್ಧ ಅಡಿ ಹಿಂದಕ್ಕೋ ಮುಂದಕ್ಕೋ ಸರಿಸುತ್ತಾರೆ, ಮತ್ತೆ ಓಡಿಸುತ್ತಾರೆ. ಇಪ್ಪತ್ತು ಸಲ, ಮೂವತ್ತು ಸಲ. ಮಗುವಿಗೆ ಅಕ್ಷರ ತಿದ್ದಿಸಿದ ತಾಯಿಗೆ ಈ ತಾಳ್ಮೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಬೆಂಗಳೂರಿನಲ್ಲಿ ಇನ್ನೂ ಒಬ್ಬರಿದ್ದಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ನಿಶಾ ಮಿಲೆಟ್. ಬಾಲ್ಯದಲ್ಲಿ ನೀರಿನಲ್ಲಿ ಮುಳುಗುವುದರಿಂದ ಕೂದಲೆಳೆಯಲ್ಲಿ ಪಾರಾಗಿ, ಆ ಭಯ ಹೋಗಲೆಂದು ಈಜಿಗೆ ಇಳಿದವರು. ಈಗ ಅವಳಿ ಹೆಣ್ಣುಮಕ್ಕಳ ತಾಯಿ. ತಮ್ಮದೇ ಈಜು ಅಕಾಡೆಮಿಯಲ್ಲಿ ಇತರರ ಮಕ್ಕಳ ಭಯ ಬಿಡಿಸುತ್ತಾರೆ.

ಇವರೆಲ್ಲ ಒಲಿಂಪಿಕ್ಸ್‌ಗೆ ಹೋಗಿಬಂದವರು, ನಮ್ಮ ಸಿರಾ ಪಾವಗಡದ ಹೆಂಗಸರಿಗೂ ಇವರಿಗೂ ಏನು ಸಂಬಂಧವೆಂದು ಕೇಳಬಹುದು. ಕೇಳುವುದು ಸರಿಯೇ. ಅಂಜು ಅವರಿಗೆ ಗಂಡನೇ ತರಬೇತುದಾರ. ಎಲ್ಲರಿಗೂ ಅದು ಒದಗುವುದಿಲ್ಲ. ಆದರೆ ಹೋಬಳಿ ಮಟ್ಟದ ಹುಡುಗಿಗೆ ಬೇಕಾಗುವುದು ಒಲಿಂಪಿಕ್ಸ್ ತರಬೇತುದಾರರಲ್ಲ. ಕ್ರೀಡಾಕೂಟಕ್ಕೆ ಎರಡು ವಾರ ಇರುವಾಗ ಓಡಿಸಿ, ಮುಗಿದ ಮರುದಿನ ಮರೆತುಬಿಡುವ ಪದ್ಧತಿ ಅನೇಕ ಶಾಲೆಗಳಲ್ಲಿದೆ. ವರ್ಷವಿಡೀ ವಾರಕ್ಕೆ ಮೂರು ಸಂಜೆ ಸಿಗುವ ಒಬ್ಬರು ಆ ಊರಲ್ಲೇ ಇದ್ದರೆ, ಹುಡುಗಿ ಓಟ ಬಿಡುವುದಿಲ್ಲ. ಮೂರು ಮೀಟರಿಗೆ ಸ್ವಲ್ಪ ಕಡಿಮೆ ಅಗಲದ ಒಂದು ಗುಂಡಿ, ಕಲ್ಲು ಜರಡಿ ಹಿಡಿದು ತೆಗೆದ ಮರಳು, ಜಿಗಿಯುವ ಮೊದಲು ಅದನ್ನು ಕೆದಕಿ ನೀರು ಚಿಮುಕಿಸಲು ಒಂದು ಕೊಡ. ಇಷ್ಟಕ್ಕೆ ಅನುದಾನದ ದಾರಿ ಕಾಯಬೇಕಾಗಿಲ್ಲ.

ವಿಧಿವತ್ತಾಗಿ ಕಲಿಯಬೇಕೆಂಬವರಿಗೂ ದಾರಿಯಿದೆ. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ತರಬೇತುದಾರರಿಗೆ ದೊಡ್ಡ ಅರ್ಹತೆ. ಆದರೆ ಅದಕ್ಕೆ ಒಂದು ವರ್ಷ ಬೇಕು, ಚಿಕ್ಕ ಮಕ್ಕಳ ತಾಯಿಗೆ ಅದು ದುಸ್ತರ. ಇದನ್ನು ಕಂಡೇ ಇರಬೇಕು, ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಒಂದನ್ನೂ ಆ ಸಂಸ್ಥೆ ನಡೆಸುತ್ತಾ ಬಂದಿದೆ. ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಬೇಕೆಂದರೆ ಬಿ.ಪಿ.ಇಡಿ. ಓದಬೇಕು; ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಅದನ್ನು ಯೋಚಿಸಬಹುದು.

ಭಾನುವಾರದ ತೊಡಕೂ ಒಂದಿದೆ. ಕ್ರೀಡಾಕೂಟಗಳು ಹೆಚ್ಚಾಗಿ ರಜಾದಿನವೇ ನಡೆಯುತ್ತವೆ. ಪೂಜೆಯ ವೇಳೆಗೆ ಮಗಳು ಸ್ಟಾರ್ಟಿಂಗ್ ಲೈನಿನಲ್ಲಿರುತ್ತಾಳೆ. ಇದಕ್ಕಾಗಿ ಮನೆಯಲ್ಲಿ ಮನಸ್ತಾಪ ಬೇಡ. ಮುಂಜಾನೆಯ ಪೂಜೆಯಿದ್ದಲ್ಲಿ ಹೋಗಬಹುದು, ಇಲ್ಲದಿದ್ದಲ್ಲಿ ಗುರುಗಳೊಡನೆ ಮೊದಲೇ ಮಾತನಾಡಿದರೆ ದಾರಿ ಕಾಣುತ್ತದೆ.

ಉಳಿದದ್ದು ಅಡುಗೆಯ ಪ್ರಶ್ನೆ. ರಾಬರ್ಟ್ ತಮ್ಮ ಜಿಗಿತವನ್ನೇ ಬಿಟ್ಟುಕೊಟ್ಟರು. ನಮ್ಮ ಮನೆಗಳ ಯಜಮಾನರಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ವಾರದಲ್ಲಿ ಮೂರು ಸಂಜೆ, ಐದರಿಂದ ಏಳು. ಹಿಟ್ಟು ಬೇಯಿಸಿ ಮುದ್ದೆ ಕಟ್ಟಲು ಗಂಡಸರಿಗೆ ಬಾರದೆಂದೇನೂ ಇಲ್ಲ, ಜಾತ್ರೆಯಲ್ಲಿ ಕೊಪ್ಪರಿಗೆಗಟ್ಟಲೆ ಬೇಯಿಸುವವರು ಅವರೇ. ಹದಿನಾರರ ಮಗನಿಗೆ ಅಕ್ಕಿ ತೊಳೆದು ಕುಕ್ಕರ್ ಇಡುವುದನ್ನು ಕಲಿಸಲು ಒಂದು ಸಂಜೆ ಸಾಕು.

ಶೈಲಿ ಈಚೆಗೆ ಎಲ್ಲಿದ್ದಾಳೆಂದು ಓದುಗರು ಕೇಳಬಹುದು. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ 6.76 ಮೀಟರ್ ಜಿಗಿದಳು. ಆ ವರ್ಷ ಬ್ಯಾಂಕಾಕಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಬಂತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ದೊರೆಯಲಿಲ್ಲ. ಅಥೆನ್ಸ್‌ನಲ್ಲಿ ಅಂಜು ಜಿಗಿದ 6.83 ಇಪ್ಪತ್ತು ವರ್ಷಗಳ ಮೇಲೂ ರಾಷ್ಟ್ರೀಯ ದಾಖಲೆಯಾಗಿಯೇ ಉಳಿದಿತ್ತು. ಗುರುವಿನ ಗುರುತಿಗೂ ಶಿಷ್ಯೆಯ ಆ ಜಿಗಿತಕ್ಕೂ ನಡುವೆ ಏಳು ಸೆಂಟಿಮೀಟರ್ ಮರಳು. ಅದನ್ನು ದಾಟಿಸಲು ಹಟ ತೊಟ್ಟಿರುವುದು ಆ ದಾಖಲೆಯ ಒಡತಿಯೇ.